ಭಾಗಮ್ಮನನ್ನು ಸಮ್ಮೇಳನಕ್ಕೆ ಒಯ್ದದ್ದು

ಹೋದ ತಿಂಗಳು ಕಲಬುರಗಿಯಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆದರು. ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಅರ್ಧ ತಾಸಿನೊಳಗೆ ಮುಗಿಯಿತು. ಸ್ಪಿರಿಟ್ಟಿನ ವಾಸನೆ ಇನ್ನೂ ಮೂಗಿನಲ್ಲಿತ್ತು, ಅಷ್ಟರಲ್ಲಿ ನರ್ಸ್ ಹುಡುಗಿ ನನ್ನ ಸೊಸೆಗೆ ಔಷಧದ ಚೀಲ ಕೊಟ್ಟು, "ಅಜ್ಜಾರ ತಲೀ ಮ್ಯಾಲ ನೀರು ಹಾಕಬ್ಯಾಡ್ರಿ, ಕಣ್ಣಾಗ ಒಂದು ಹನಿ ಸೈತ ಬೀಳಬಾರದು" ಎಂದಳು. ನಾನು ಸೊಸೆಯ ತೋಳು ಹಿಡಿದುಕೊಂಡೆ. "ಯಾಕ್ರಿ ಮಾವಾ, ಬ್ಯಾನಿ ಆಗಾಕತ್ತದೇನ್ರಿ?" ಎಂದು ಸೊಸೆ ಕೇಳಿದಳು. ಇಲ್ಲವೆಂದೆ. ಮನೆಗೆ ಬಂದು ಒಂದು ಕಣ್ಣು ಮುಚ್ಚಿಕೊಂಡು ಮಲಗಿದರೆ ಮಟಕಿ ಎಂಬ ಹಳ್ಳಿಯ ಭಾಗಮ್ಮ ಬಿಟ್ಟು ಬೇರೆ ಯಾರೂ ಕಾಣಲಿಲ್ಲ. ಈ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಟಕಿಯವರಿಗೆ ಮಾತ್ರ ಗೊತ್ತು, ಅವರಿಗೆ ಚೆನ್ನಾಗಿಯೇ ಗೊತ್ತು.

ಎಂಬತ್ತರ ದಶಕದ ಒಂದು ಚಳಿಗಾಲ. ನಾನಾಗ ಆಳಂದದಲ್ಲಿ ವಕೀಲಿಯಲ್ಲಿ ಸ್ವಲ್ಪ ಹೆಸರು ಮಾಡುತ್ತಿದ್ದೆ. ಕರಿ ಕೋಟಿಗಿಂತ ಅದರ ಮೇಲೆ ಚುಚ್ಚಿಕೊಂಡ ಸೇವಾ ಕ್ಲಬ್ಬಿನ ಬಿಲ್ಲೆಯ ಮೇಲೆ ನನಗೆ ಹೆಚ್ಚು ಪ್ರೀತಿ. ದಾಲ್ ಮಿಲ್ಲಿನ ಮಲ್ಲಣ್ಣ ಸಾವ್ಕಾರರು ಕ್ಲಬ್ಬಿನ ಅಧ್ಯಕ್ಷರು, ನಾನು ಸೆಕ್ರೆಟರಿ. ತೊಗರಿ ಅಡತಿಯ ದಲಾಲಿಗಳು, ಬ್ಯಾಂಕಿನವರು, ಹೆಡ್ ಮಾಸ್ತರರು ಎಂದು ಇಪ್ಪತ್ತು ಮಂದಿ ಇದ್ದೆವು. ಸೇವೆ ಮಾಡುತ್ತಿರಲಿಲ್ಲ ಎಂದಲ್ಲ, ಮಾಡುತ್ತಿದ್ದೆವು. ಆದರೆ ಮಾಡಿದ್ದನ್ನು ನಾಲ್ಕು ಜನ ನೋಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

ಸಂಕ್ರಾಂತಿ ಮುಗಿದ ವಾರ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ಮಾಡಿದೆವು. ಸೊಲ್ಲಾಪುರದ ಕಡೆಯ ಒಬ್ಬ ಡಾಕ್ಟರು ತಮ್ಮ ಜನರೊಂದಿಗೆ ಬಂದು ಪೊರೆ ತೆಗೆದರು. ಆಗಿನ ಆಪರೇಷನ್ ಈಗಿನಂತಲ್ಲ. ಕಣ್ಣಿಗೆ ಹೊಲಿಗೆ ಹಾಕುತ್ತಿದ್ದರು. ವಾರವಿಡೀ ಅಲುಗಾಡದೆ ಮಲಗಬೇಕು, ಕೆಮ್ಮಬಾರದು, ಬಗ್ಗಬಾರದು. ನಲವತ್ತು ದಿನ ತಲೆಗೆ ನೀರು ಮುಟ್ಟಿಸಬಾರದು. ಶಾಲೆಯ ಕೋಣೆಗಳಲ್ಲಿ ಹುಲ್ಲು ಹಾಸಿ, ಅದರ ಮೇಲೆ ಚಾದರ ಹಾಸಿ ಮಲಗಿಸಿದ್ದೆವು. ಹೊರಗೆ ತೊಗರಿ ಗಾಡಿಗಳು ಬಜಾರಕ್ಕೆ ಹೋಗುವ ಸದ್ದು. ಒಳಗೆ ಸಾಲಾಗಿ ಕಣ್ಣು ಕಟ್ಟಿಸಿಕೊಂಡ ಮುದುಕ ಮುದುಕಿಯರು.

ಭಾಗಮ್ಮ ಆ ಸಾಲಿನಲ್ಲಿದ್ದಳು. ಮಟಕಿಯವಳು, ಅರವತ್ತರ ಆಸುಪಾಸು. ಬಲಗಣ್ಣು ಸಣ್ಣವಳಿದ್ದಾಗಲೇ ಸಿಡುಬಿನಲ್ಲಿ ಹೋಗಿತ್ತು. ಇದ್ದದ್ದು ಎಡಗಣ್ಣು ಒಂದೇ, ಅದಕ್ಕೂ ಪೊರೆ ಬಂದು ನಾಲ್ಕೈದು ವರ್ಷವಾಗಿತ್ತು. ಅವಳು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಅವಳು ಹಾಕುವ ಹೊಲಿಗೆಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಆ ಭಾಗದಲ್ಲಿ ಬಾಣಂತಿ ಗಂಡನ ಮನೆಗೆ ಹೊರಟರೆ ತೊಟ್ಟಿಲ ಕೌದಿ ಭಾಗಮ್ಮನದೇ ಆಗಬೇಕು. ಪೊರೆ ಬಂದ ಮೇಲೆ ಅದು ನಿಂತುಹೋಗಿತ್ತು.

ಡಾಕ್ಟರು ಅವಳ ಕಟ್ಟು ಬಿಚ್ಚಿ, ದಪ್ಪ ಗಾಜಿನ ಒಂದು ಕನ್ನಡಕ ಏರಿಸಿ, "ಏನು ಕಾಣುತ್ತೆ, ಹೇಳಮ್ಮ" ಎಂದರು. ಎಲ್ಲರೂ ಬೆರಳು ಎಣಿಸುತ್ತಿದ್ದರು. ಇವಳು ಡಾಕ್ಟರ ಎದೆಯನ್ನೇ ದಿಟ್ಟಿಸಿ, "ಸಾಹೇಬ್ರ, ನಿಮ್ಮ ಅಂಗೀ ಕಾಜದ ಹೊಲಿಗಿ ಬಿಟ್ಟಾದ ನೋಡ್ರಿ. ಸೂಜಿ ಇದ್ರ ಕೊಡ್ರಿ, ಹಾಕಿ ಕೊಡ್ತೇನಿ" ಎಂದಳು. ಡಾಕ್ಟರು ತಮ್ಮ ಗುಂಡಿ ನೋಡಿಕೊಂಡು ನಕ್ಕರು, ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಅಂಥ ಸಂತೋಷವನ್ನು ಕ್ಲಬ್ಬಿನಲ್ಲಿ ನಾನು ಮತ್ತೆಂದೂ ಕಂಡಿಲ್ಲ.

ಅವಳ ಗ್ರಹಚಾರ ಸುರುವಾದದ್ದೂ ಅಲ್ಲಿಂದಲೇ. ಫೆಬ್ರವರಿಯಲ್ಲಿ ನಮ್ಮ ಪ್ರಾಂತದ ಎಲ್ಲ ಕ್ಲಬ್ಬುಗಳ ಸಮ್ಮೇಳನ ಕರಾವಳಿಯ ಒಂದು ಸಣ್ಣ ಊರಿನಲ್ಲಿತ್ತು. ಆ ಊರಿನ ಹೆಸರು ಹೇಳುವುದಿಲ್ಲ, ಅವರ ತಪ್ಪು ಏನೂ ಇರಲಿಲ್ಲ. ವರ್ಷದಲ್ಲಿ ಏನೇನು ಮಾಡಿದೆವೆಂದು ಪ್ರತಿ ಕ್ಲಬ್ಬು ವೇದಿಕೆಯ ಮೇಲೆ ತೋರಿಸಬೇಕು, ಮೆಚ್ಚಿಗೆಯಾದವರಿಗೆ ಬೆಳ್ಳಿಯ ಫಲಕ. ಬರೀ ವರದಿ ಓದಿದರೆ ಯಾರೂ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ಒಂದು ಕ್ಲಬ್ಬಿನವರು ತಾವು ಕೃತಕ ಕಾಲು ಹಾಕಿಸಿದ ಮನುಷ್ಯನನ್ನೇ ಕರೆತಂದು ವೇದಿಕೆಯ ಮೇಲೆ ನಡೆಸಿ ಫಲಕ ಹೊಡೆದುಕೊಂಡಿದ್ದರು. ಅಂದಿನಿಂದ ಎಲ್ಲರಿಗೂ ಅದೇ ಚಟ ಹತ್ತಿತ್ತು. "ಆ ಕೌದಿ ಮುದುಕೀನ ಕರಕೊಂಡು ಹೋಗೂಣು ವಕೀಲ್ರ, ಸ್ಟೇಜ್ ಮ್ಯಾಲ ಸೂಜಿ ಪೋಣಿಸಲಿ. ನೋಡ್ರಿ ಹೆಂಗ ಮಂದಿ ಎದ್ದು ನಿಂದರತಾರ" ಎಂದರು ಮಲ್ಲಣ್ಣ. ನನಗೂ ರೋಮಾಂಚನವಾಯಿತು.

ಡಾಕ್ಟರಿಗೆ ಪತ್ರ ಬರೆದು ಕೇಳಿದೆ. ಅಷ್ಟಾದರೂ ಬುದ್ಧಿ ಇತ್ತು. ನಾಲ್ಕನೆಯ ದಿನ ಉತ್ತರ ಬಂತು. "ನಲವತ್ತು ದಿನದೊಳಗೆ ಇಷ್ಟು ದೂರದ ಪ್ರಯಾಣ ಬೇಡವೇ ಬೇಡ. ಕುಲುಕಾಟಕ್ಕೆ ಹೊಲಿಗೆ ಬಿಡಬಹುದು. ಆಕೆಗಿರುವುದು ಒಂದೇ ಕಣ್ಣು." ಇಷ್ಟೇ ಇತ್ತು. ಕೋರ್ಟಿನ ಜಗಲಿಯ ಮೇಲೆ ನಿಂತು ಎರಡು ಸಲ ಓದಿ ಕೋಟಿನ ಒಳಜೇಬಿಗಿಟ್ಟೆ. ಮಲ್ಲಣ್ಣನವರಿಗೂ ತೋರಿಸಲಿಲ್ಲ. ತೋರಿಸಿದ್ದರೆ ಆ ಮನುಷ್ಯ ಬೇಡವೆನ್ನುತ್ತಿದ್ದರೋ ಏನೋ. ಬೇಡವೆಂದರೆ ವೇದಿಕೆಯ ಮೇಲೆ ಮೈಕು ಹಿಡಿದು ಅವಳ ಕಥೆ ಹೇಳುವುದು ತಪ್ಪುತ್ತಿತ್ತು, ಮುಂದಿನ ವರ್ಷದ ಅಧ್ಯಕ್ಷಗಿರಿಯೂ ನನ್ನ ಕೈತಪ್ಪುತ್ತಿತ್ತು. ಸುತ್ತಿ ಬಳಸಿ ಹೇಳುವುದೇನಿದೆ, ಕಾರಣ ಇದೇ.

ಮಟಕಿಗೆ ಹೋದಾಗ ಅವಳ ಮಗ ಶರಣಪ್ಪ ಕಣದಲ್ಲಿ ತೊಗರಿ ಬಡಿಯುತ್ತಿದ್ದ. ಕೋಲು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದ. ಮಾತೆಲ್ಲ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದ.

"ಡಾಕ್ಟರ್ ಹೂಂ ಅಂದಾರೇನ್ರಿ?"

"ಹೂಂ ಅಂದಾರಪಾ. ಪತ್ರಾನೇ ಬರದಾರ. ನೀ ಏನೂ ಫಿಕರ್ ಮಾಡಬ್ಯಾಡ" ಎಂದೆ.

"ನೀವು ಹೇಳಿದ ಮ್ಯಾಲ ಮುಗೀತ್ರಿ ಸಾಹೇಬ್ರ" ಎಂದ.

ಭಾಗಮ್ಮ ಬಾಗಿಲಲ್ಲಿ ಕುಳಿತು ಕೇಳುತ್ತಿದ್ದಳು. ಆಗಲೇ ಒಂದು ಕೌದಿ ಹಿಡಿದಿದ್ದಳು, ಬೇಡವೆಂದರೂ ಕೇಳಿರಲಿಲ್ಲ. "ಖರೇನ ಸಮುದ್ರಕ್ಕೇನ್ರಿ?" ಎಂದಳು. ಗಾಣಗಾಪುರದ ಸಂಗಮದಾಚೆ ಅವಳು ನೀರೇ ನೋಡಿರಲಿಲ್ಲ. "ಎಲ್ಲಾ ಹೊಳಿ ಹೋಗಿ ಅಲ್ಲೇ ಕೂಡ್ತಾವಂತಲ್ರಿ. ನಮ್ಮ ಭೀಮಾನೂ ಅಲ್ಲೇ ಹೋಗ್ತಾಳಂತ. ಕಣ್ಣು ಬಂದದ್ದಕ್ಕ ಅದನ್ನ ನೋಡೂದು ಪುಣ್ಯ ಅದ ನೋಡ್ರಿ." ಅವಳ ಮುಖ ನೋಡಿ, ಅಯ್ಯೋ, ನಾನು ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದೇನೆ ಎಂದೂ ಅನಿಸಿತು. ಮನಸ್ಸು ಎಷ್ಟು ಸಲೀಸಾಗಿ ಮೋಸ ಮಾಡಿಕೊಳ್ಳುತ್ತದೆ!

ಬಾಡಿಗೆ ವ್ಯಾನು ನಸುಕಿನಲ್ಲೇ ಆಳಂದ ಬಿಟ್ಟಿತು. ಮುಂದಿನ ಸೀಟುಗಳಲ್ಲಿ ನಾವು, ನಮ್ಮ ಹೆಂಡಂದಿರು. ಭಾಗಮ್ಮ ಕಟ್ಟಕಡೆಯ ಸೀಟಿನಲ್ಲಿ, ಬ್ಯಾನರು, ಊಟದ ಡಬ್ಬಿಗಳ ನಡುವೆ. ಹಿಂದಿನ ಚಕ್ರದ ನೆತ್ತಿಯ ಮೇಲಿನ ಜಾಗ ಅದು, ಗುಂಡಿಯಲ್ಲಿ ಇಳಿದಾಗೊಮ್ಮೆ ಕುಳಿತವರು ಗೇಣುದ್ದ ಮೇಲೇಳುತ್ತಿದ್ದರು. ಅವಳನ್ನು ಮುಂದೆ ಕೂರಿಸೋಣವೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನ್ನ ಜೇಬಿನಲ್ಲಿ ಕುಲುಕಾಟದ ಮಾತಿದ್ದ ಕಾಗದವಿತ್ತು, ನನಗೂ ಹೊಳೆಯಲಿಲ್ಲ.

ಇಳಿಹೊತ್ತಿಗೆ ಘಾಟು ಇಳಿಯತೊಡಗಿದೆವು. ಕೆಲವರು ವಾಂತಿ ಮಾಡಿಕೊಳ್ಳಲು ವ್ಯಾನು ನಿಲ್ಲಿಸಿದರು. ಭಾಗಮ್ಮ ಕೆಳಗಿಳಿದು, ಸೆರಗಿನಿಂದ ಹಣೆಯ ಎಡಭಾಗ ಒತ್ತಿ ಹಿಡಿದುಕೊಂಡು ನನ್ನ ಬಳಿ ಬಂದಳು.

"ಸಾಹೇಬ್ರ, ಕಣ್ಣಾಗ ಏನೋ ಚುಚ್ಚಾಕತ್ತದ್ರಿ. ತಡಕೊಳ್ಳಾಕ ಆಗವಲ್ದು."

"ಗಾಳಿಗಿ ಆಗಿರಬೇಕವ್ವಾ" ಎಂದು ತಲೆನೋವಿನ ಒಂದು ಗುಳಿಗೆ ಕೊಟ್ಟೆ. "ಕಾರ್ಯಕ್ರಮ ಮುಗೀಲಿ, ತೋರಿಸೂಣು. ಈಗ ಯಾರ ಮುಂದೂ ಅನಬ್ಯಾಡ, ಎಲ್ಲಾರೂ ಗಾಬರಿ ಆಗ್ತಾರ."

"ಹೌದೇನ್ರಿ? ಹಂಗಾರ ಇರಲಿ ಬಿಡ್ರಿ" ಎಂದು ಗುಳಿಗೆಯನ್ನು ನೀರಿಲ್ಲದೆ ನುಂಗಿ ಹಿಂದಿನ ಸೀಟಿಗೆ ಹೋದಳು. ನಮ್ಮಿಬ್ಬರನ್ನು ಬಿಟ್ಟು ಆ ಮಾತು ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಸಮ್ಮೇಳನದ ಊರು ಸಣ್ಣದು, ಸೆಕೆ ದೊಡ್ಡದು. ನಮ್ಮಲ್ಲಿ ಕಂಬಳಿ ಹೊದೆಯುವ ಕಾಲದಲ್ಲಿ ಅಲ್ಲಿ ಬನಿಯನ್ನು ಬೆನ್ನಿಗೆ ಅಂಟುತ್ತಿತ್ತು. ಒಣಮೀನಿನ ವಾಸನೆ, ಉಪ್ಪುಗಾಳಿ, ಬೀದಿಯ ತುಂಬ ನಮ್ಮಂಥ ಕೋಟಿನವರು. ರಾತ್ರಿ ಕಳೆದು ಬೆಳಿಗ್ಗೆ ಹೋದರೆ ಮೈದಾನದಲ್ಲಿ ದೊಡ್ಡ ಪೆಂಡಾಲು, ಊರೂರಿನ ಬ್ಯಾನರು. ಸಾಲಿಗೆ ಇಬ್ಬರು ಮೂವರಾದರೂ ಡಾಕ್ಟರಿದ್ದರು, ಕ್ಲಬ್ಬುಗಳೇ ಹಾಗೆ. ಕಣ್ಣಿನ ಡಾಕ್ಟರೇ ಒಬ್ಬರು ನಮ್ಮ ಹಿಂದಿನ ಸಾಲಿನಲ್ಲಿ ಕುಳಿತು ಹೋಳಿಗೆಯ ಬಗ್ಗೆ ಮಾತಾಡುತ್ತಿದ್ದರು. ತಿರುಗಿ, "ಸ್ವಲ್ಪ ಈಕೆಯ ಕಣ್ಣು ನೋಡಿ" ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನೋಡಿದರೆ ಅವರು ಅವಳನ್ನು ವೇದಿಕೆ ಹತ್ತಲು ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ನಮ್ಮ ಪಾಳಿ ಊಟಕ್ಕೆ ಮೊದಲು ಬಂತು. ನಾನು ಮೈಕು ಹಿಡಿದು ಹೇಳಿದೆ, ಚೆನ್ನಾಗಿಯೇ ಹೇಳಿದೆ. ಭಾಗಮ್ಮ ಹಸಿರು ಇಳಕಲ್ ಸೀರೆಯುಟ್ಟು ವೇದಿಕೆಯ ನಡುವೆ ನಿಂತಿದ್ದಳು, ಒಂದು ಕೈಯಲ್ಲಿ ಕೌದಿಯ ಸೂಜಿ, ಇನ್ನೊಂದರಲ್ಲಿ ದಾರ. ಮೊದಲ ಸಲ ದಾರ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅವಳ ಎಡಗಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಕನ್ನಡಕ ಎತ್ತಿ ಒರೆಸಿಕೊಂಡು ಮತ್ತೆ ಹಿಡಿದಳು. ನಾನು ಮೈಕಿನಲ್ಲಿ, "ಬಂಧುಗಳೇ, ಇದು ಆನಂದಬಾಷ್ಪ" ಎಂದೆ. ಮೂರನೆಯ ಸಲ ದಾರ ತೂರಿತು. ಇಡೀ ಪೆಂಡಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಫಲಕ ನಮ್ಮದಾಯಿತು. ಕ್ಯಾಮರಾದವನು ಬಂದ, ಮಲ್ಲಣ್ಣ ಮತ್ತು ನಾನು ಅವಳ ಎಡಬಲಕ್ಕೆ ನಿಂತೆವು.

ಕಾರ್ಯಕ್ರಮ ಮುಗಿದ ಮೇಲೆ ತೋರಿಸುತ್ತೇನೆ ಎಂದಿದ್ದೆನಲ್ಲ. ಅಭಿನಂದನೆ, ಊಟ, ಪರಿಚಯ. ಮರೆತೆ. ಇಲ್ಲ, ಮರೆಯಲಿಲ್ಲ. ಅವಳೂ ಮತ್ತೆ ಕೇಳಲಿಲ್ಲವಲ್ಲ, ಕಡಿಮೆಯಾಗಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹೆಂಗಸರು ಸಮುದ್ರಕ್ಕೆ ಹೋದರು. ಸಮುದ್ರ ನೋಡಿ, ನೀರು ಮುಟ್ಟದೆ ಬರುವುದು ನಮ್ಮ ಕಡೆಯವರಿಗೆ ಆಗದ ಮಾತು. ನಾಲ್ಕು ಹನಿಯಾದರೂ ತಲೆಗೆ ಹಾಕಿಕೊಳ್ಳಬೇಕು. ಮಲ್ಲಣ್ಣನವರ ಹೆಂಡತಿ ನೀಲಮ್ಮ, ಉಳಿದವರು ಎಲ್ಲ ಮುಳುಗಿ ಎದ್ದರು. ಭಾಗಮ್ಮ ನಲವತ್ತು ದಿನದ ಮಾತು ಮರೆತಿರಲಿಲ್ಲ. ಮೊಣಕಾಲಷ್ಟು ನೀರಿನಲ್ಲಿ ನಿಂತು, ಎಡಗಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಒಂದೇ ಒಂದು ಹಿಡಿ ನೀರನ್ನು ನೆತ್ತಿಯ ಹಿಂಭಾಗಕ್ಕೆ ಹಾಕಿಕೊಂಡಳಂತೆ. ಇದನ್ನು ನೀಲಮ್ಮನೇ ನನಗೆ ಹೇಳಿದ್ದು. ಅಷ್ಟು ಜೋಪಾನ ಮಾಡಿದ್ದಳು.

ಹಿಂತಿರುಗುವ ದಾರಿಯಲ್ಲಿ ಅವಳು ನರಳತೊಡಗಿದಳು. ಕಣ್ಣು ಕೆಂಡದಂತಾಗಿ ಊದಿಕೊಂಡಿತ್ತು. ಆಳಂದಕ್ಕೆ ಹೋಗದೆ ನೇರವಾಗಿ ಕಲಬುರಗಿಯ ಒಂದು ಆಸ್ಪತ್ರೆಗೆ ಒಯ್ದೆವು, ಶರಣಪ್ಪನಿಗೆ ಸುದ್ದಿ ಕಳಿಸಿದೆವು. ಕೀವು ತುಂಬಿದೆ, ಹೊಲಿಗೆ ಬಿಟ್ಟಿದೆ, ಕಣ್ಣು ಉಳಿಯುವುದಿಲ್ಲ, ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದರು ಅಲ್ಲಿಯ ಡಾಕ್ಟರು. "ನೀರು ಬಿತ್ತೇನು?" ಎಂದು ಅವರು ಕೇಳಿದಾಗ ನೀಲಮ್ಮ ಪಾಪ, ನಡೆದದ್ದನ್ನು ನಡೆದ ಹಾಗೆ ಹೇಳಿದರು.

ಶರಣಪ್ಪ ಆಸ್ಪತ್ರೆಯ ಪಡಸಾಲೆಯಲ್ಲೇ ತಾಯಿಯ ಮೇಲೆ ಹರಿಹಾಯ್ದ. "ನಿನಗ ಎಷ್ಟು ಸಲ ಹೇಳಿದ್ರು ನೀರು ಬ್ಯಾಡಂತ! ನಿನ್ನ ಪುಣ್ಯಾ ಸುಡಗಾಡಿಗಿ ಹೋಗ್ಲಿ! ಇದ್ದೊಂದು ಕಣ್ಣ ಕೈಯಾರೆ ಕಳಕೊಂಡೆಲ್ಲ ಯವ್ವಾ!"

ಅವಳು ಬೆಂಚಿನ ಮೇಲೆ ಮುದುಡಿ ಕುಳಿತಿದ್ದಳು. "ನೀರಿಂದ ಅಲ್ಲಲೇ ಶರಣ್ಯಾ. ಘಾಟ ಇಳಿಯೂವಾಗೇ ನೋವು ಸುರು ಆಗಿತ್ತು. ವಕೀಲ ಸಾಹೇಬ್ರಿಗಿ ಹೇಳೀನಿ, ಗುಳಗಿ ಕೊಟ್ಟಾರ. ಕೇಳು ಬೇಕಾರ. ಸಾಹೇಬ್ರ, ಹೇಳ್ರಿ ಇವನಿಗಿ."

ಶರಣಪ್ಪ ನನ್ನ ಕಡೆ ತಿರುಗಿದ. "ಹೌದೇನ್ರಿ?"

ನಾನು ವಕೀಲ. ಹೌದೆಂದರೆ ಮುಂದಿನ ಪ್ರಶ್ನೆ ಯಾವುದು, ಅದರ ಮುಂದಿನದು ಯಾವುದು, ಎಲ್ಲ ಕಣ್ಣಮುಂದೆ ಸಾಲಾಗಿ ನಿಂತವು. ಅಲ್ಲವೆಂದು ಹಸಿ ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ.

"ನನಗ ನೆನಪಿಲ್ಲಪಾ" ಎಂದೆ.

ಭಾಗಮ್ಮ ನನ್ನ ದನಿ ಬಂದ ಕಡೆ ಮುಖ ಎತ್ತಿದಳು. ಮರುದಿನ ಕಣ್ಣು ತೆಗೆದರು.

ಅದರ ನಂತರದ ಬೇಸಿಗೆಯನ್ನು ನಾನು ಹೇಗೆ ಕಳೆದೆನೆಂದು ಕೇಳಿದರೆ, ಎಲ್ಲರಂತೆಯೇ ಕಳೆದೆ. ಕೋರ್ಟು, ಕ್ಲಬ್ಬು, ಮಲ್ಲಣ್ಣನವರ ಮಿಲ್ಲಿನ ಗೋಡೆಯ ಮೇಲೆ ತೂಗುವ ಫಲಕ. ಡಾಕ್ಟರ ಪತ್ರವನ್ನು ಸುಟ್ಟೆ. ಎರಡು ಸಲ ಬ್ರೆಡ್ಡು, ಮೋಸಂಬಿ ಕಟ್ಟಿಸಿಕೊಂಡು ಮಟಕಿಗೆ ಹೋಗಿಬಂದೆ. ಅವಳು ಗೋಡೆಯ ಕಡೆ ತಿರುಗಿ ಕುಳಿತಿರುತ್ತಿದ್ದಳು. ಹೊಲಿಯಲು ಕೊಟ್ಟಿದ್ದ ಹಳೆಯ ಸೀರೆಗಳನ್ನು ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಒಯ್ದಿದ್ದರು. ಚಹಾ ತಂದುಕೊಟ್ಟ ಸೊಸೆ ಕಾಶಿಬಾಯಿ ಅವಳ ಎದುರಿಗೇ, "ಹೇಳಿದ್ದು ಕೇಳಬೇಕಲ್ರಿ ಸಾಹೇಬ್ರ. ಪುಣ್ಯಾ ಬೇಕಿತ್ತು ಮುದುಕಿಗಿ. ಮ್ಯಾಲ ಸುಳ್ಳು ಬ್ಯಾರೆ, ಘಾಟಿನ್ಯಾಗೇ ನೋವಿತ್ತಂತ. ಮನೀಗಿ ಬಂದವರ ಮುಂದೆಲ್ಲಾ ಅದನ್ನೇ ಹೇಳ್ತಿದ್ಳು. ಎಲ್ಲಾರೂ ನಗಾಕತ್ತಿದ ಮ್ಯಾಲ ಈಗ ಬಿಟ್ಟಾಳ" ಎಂದಳು. ನಾನು ಆ ಚಹಾ ಕುಡಿದೆ. ಕುಡಿದು, ಕಪ್ಪು ಕೆಳಗಿಟ್ಟು, ಬರುತ್ತೇನೆಂದು ಹೇಳಿ ಬಂದೆ.

ಜೂನಿನಲ್ಲಿ ನಾನು ಅಧ್ಯಕ್ಷನಾಗುವ ಸಮಾರಂಭಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಅದರ ಮೇಲೆ ಸಮ್ಮೇಳನದ ಆ ಫೋಟೋ ಹಾಕಿಸಿದ್ದರು. ಮಲ್ಲಣ್ಣ ನಗುತ್ತಿದ್ದಾರೆ, ನಾನು ನಗುತ್ತಿದ್ದೇನೆ. ನಡುವೆ ಭಾಗಮ್ಮ ಎಡಗೈಯಿಂದ ಹಣೆಯ ಪಕ್ಕ ಒತ್ತಿ ಹಿಡಿದುಕೊಂಡು ಹಲ್ಲು ಕಚ್ಚಿದ್ದಾಳೆ. ಘಾಟಿನಲ್ಲಿ ವ್ಯಾನಿನಿಂದ ಇಳಿದು ಬಂದಾಗ ಹಿಡಿದುಕೊಂಡಿದ್ದ ಹಾಗೆಯೇ, ಸಮುದ್ರದ ನೀರು ಮುಟ್ಟುವ ಮುಂಚಿನ ದಿನ. ಅವಳು ಹೇಳಿದ್ದು ಖರೆ ಎಂಬುದಕ್ಕೆ ಸಾಕ್ಷಿ ಅಲ್ಲೇ ಅಚ್ಚಾಗಿತ್ತು, ನೂರಾರು ಪ್ರತಿ. ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನನಗೆ ಅಂದು ಅನ್ನ ಸೇರಲಿಲ್ಲ. ಛೀ, ಎಂಥ ಮನುಷ್ಯ ನೀನು ಎಂದು ನನ್ನನ್ನೇ ಬೈದುಕೊಂಡೆ. ಮರುದಿನ ಮುಂಜಾನೆಯ ಬಸ್ಸಿಗೆ ಮಟಕಿಗೆ ಹೋದೆ, ಬರಿಗೈಯಲ್ಲಿ.

ಹಿಂದಿನ ದಿನ ಜೋರು ಮಳೆಯಾಗಿತ್ತು. ಹೊಲದಲ್ಲಿ ಕಾಲಿಡುವ ಹಾಗಿರಲಿಲ್ಲ, ಹಾಗಾಗಿ ಊರೆಲ್ಲ ಮನೆಯಲ್ಲೇ ಇತ್ತು. ಭಾಗಮ್ಮ ಪಡಸಾಲೆಯಲ್ಲಿ ಒಬ್ಬಳೇ ಕುಳಿತಿದ್ದಳು. ಅವಳ ಎದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಡಾಕ್ಟರು ಬೇಡವೆಂದು ಬರೆದದ್ದು, ನಾನು ಶರಣಪ್ಪನಿಗೆ ಸುಳ್ಳು ಹೇಳಿದ್ದು, ಘಾಟಿನಲ್ಲಿ ಅವಳು ನೋವೆಂದದ್ದು, ಗುಳಿಗೆ ಕೊಟ್ಟು ಬಾಯಿ ಮುಚ್ಚಿಸಿದ್ದು. "ನಿಂದೇನೂ ತಪ್ಪಿಲ್ಲವ್ವಾ. ನೀರಿಂದ ಆದದ್ದಲ್ಲ. ನಾ ಮಾಡಿದ್ದು" ಎಂದೆ. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

ಅವಳು ಒಳಗಿನ ಕಡೆ ಕೂಗಿದಳು. "ಲೇ ಶರಣ್ಯಾ, ಬಾ ಇಲ್ಲಿ. ಸಾಹೇಬ್ರ, ಇನ್ನೊಮ್ಮೆ ಹೇಳ್ರಿ, ಇವನೂ ಕೇಳ್ಲಿ."

ಹೇಳಿದೆ. ಶರಣಪ್ಪನ ಕೈ ಮುಷ್ಟಿಯಾಯಿತು. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ. ಅವನು ತಾಯಿಯ ಕಡೆ ನೋಡಿ ಗೋಡೆಗೆ ಒರಗಿಬಿಟ್ಟ.

"ಕಾಶಿ ಎಲ್ಲಿ? ಅಕೀನೂ ಕರಿ" ಎಂದಳು. ಕಾಶಿಬಾಯಿ ಕೈಯಲ್ಲಿ ರೊಟ್ಟಿ ಹಿಟ್ಟು ಮೆತ್ತಿಕೊಂಡೇ ಬಂದಳು. ಮೂರನೆಯ ಸಲ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಕೈ ಹಿಡಿಯೋ ಶರಣ್ಯಾ" ಎನ್ನುತ್ತ ಭಾಗಮ್ಮ ಎದ್ದು ನಿಂತಳು. ಫೆಬ್ರವರಿಯಿಂದ ಹೊಸ್ತಿಲು ದಾಟದವಳು. "ಗುಡೀ ಕಟ್ಟೀ ಮ್ಯಾಲ ಮಂದಿ ಕುಂತಿರ್ತಾರ ಈ ಹೊತ್ತಿನ್ಯಾಗ. ನಡೀರಿ ಸಾಹೇಬ್ರ, ಅಲ್ಲೂ ಹೇಳ್ರಿ. ಸುಳ್ಳಿ ಅಂದವರೆಲ್ಲಾ ಅಲ್ಲೇ ಅದಾರ."

ಅವಳು ಮುಂದೆ, ಮಗನ ಕೈ ಹಿಡಿದು. ನಾನು ಹಿಂದೆ, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು. ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಕುಳಿತಿದ್ದರು, ನನ್ನನ್ನು ನೋಡಿ ಎದ್ದು ನಮಸ್ಕಾರ ಮಾಡಿದರು. ನಾನು ನಿಂತೇ ಹೇಳಿದೆ, ಡಾಕ್ಟರ ಪತ್ರದಿಂದ ಸುರುಮಾಡಿ ಗುಳಿಗೆಯವರೆಗೆ. ಹೇಳಿ ಮುಗಿಸಿದೆ ಎಂದುಕೊಂಡು ಕಣ್ಣು ಒರೆಸಿಕೊಂಡೆ.

"ಇನ್ನೊಂದು ಅದಲ್ರಿ ಸಾಹೇಬ್ರ" ಎಂದಳು ಭಾಗಮ್ಮ. "ದವಾಖಾನಿಯೊಳಗ ನನ್ನ ಮಗಾ ಕೇಳಿದಾಗ ನೀವು ಏನಂದ್ರಿ? ಮನ್ಯಾಗ ಮೂರು ಸಲ ಹೇಳಿದ್ರಿ, ಮೂರೂ ಸಲ ಅದೊಂದು ಬಿಟ್ರಿ. ಅದನ್ನೂ ಹೇಳ್ರಿ."

ಅದನ್ನೂ ಹೇಳಿದೆ.